ಸರೋವರವೂ ಬೇಕು, ಶಿಖರವೂ ಬೇಕು: ದೇವರಿಯಾ ತಾಲ್ ಮತ್ತು ಚಂದ್ರಶಿಲಾ ಒಂದೇ ದಿನದಲ್ಲಿ ಆಗುತ್ತವೆಯೇ?

ಪ್ರಶ್ನೆ: ಮೇ ಕೊನೆಯ ವಾರ ನಾನು, ಹೆಂಡತಿ, 14 ವರ್ಷದ ಮಗಳು ಮತ್ತು 61 ವರ್ಷದ ತಾಯಿ ಕೇದಾರನಾಥಕ್ಕೆ ಹೋಗಿ, ಅಲ್ಲಿಂದ ಬದರಿಗೆ ಹೊರಡುವವರಿದ್ದೇವೆ. ನಡುವೆ ಒಂದು ದಿನ ಬಿಡುವಿದೆ. ಉಖೀಮಠದಲ್ಲಿ ಉಳಿದು, ಆ ಒಂದೇ ದಿನದಲ್ಲಿ ದೇವರಿಯಾ ತಾಲ್ ಸರೋವರವನ್ನೂ ಚಂದ್ರಶಿಲಾ ಶಿಖರವನ್ನೂ ನೋಡಿಕೊಂಡು ಬರಬಹುದೇ? ನಾವು ಮೂವರು ಮುಳ್ಳಯ್ಯನಗಿರಿ, ಕುಮಾರ ಪರ್ವತ ಹತ್ತಿದವರು. ತಾಯಿ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊಣಕಾಲು ಸ್ವಲ್ಪ ನೋವು. (ದಾವಣಗೆರೆಯ ಓದುಗರು)

ಉತ್ತರ: ಒಂದೇ ದಿನದಲ್ಲಿ ಎರಡು ಕಡೆಗೂ ಕಾಲಿಟ್ಟು ಬರಬಹುದು. ಆದರೆ ಹೋದದ್ದಕ್ಕೆ ಸಾರ್ಥಕ ಎನ್ನುವಂತೆ ನೋಡಲು ಸಿಗುವುದು ಒಂದೇ. ದೂರ ಇದಕ್ಕೆ ಕಾರಣವಲ್ಲ. ಸಾರಿ ಗ್ರಾಮದಿಂದ ದೇವರಿಯಾ ತಾಲ್‌ಗೆ ಎರಡೂವರೆಯಿಂದ ಮೂರು ಕಿಲೋಮೀಟರ್ ಏರು. ಚೋಪ್ತಾದಿಂದ ತುಂಗನಾಥ ದೇವಾಲಯಕ್ಕೆ ನಾಲ್ಕು ಕಿಲೋಮೀಟರಿನೊಳಗೆ, ಅಲ್ಲಿಂದ ಚಂದ್ರಶಿಲಾಕ್ಕೆ ಇನ್ನೊಂದೂವರೆ. ಕುಮಾರ ಪರ್ವತ ಹತ್ತಿದ ಕಾಲಿಗೆ ಇದು ದೊಡ್ಡ ಲೆಕ್ಕವಲ್ಲ. ತೊಡಕಿರುವುದು ಹೊತ್ತಿನಲ್ಲಿ. ಈ ಎರಡೂ ಜಾಗಗಳು ತಮ್ಮ ಸೊಗಸನ್ನು ಬಿಟ್ಟುಕೊಡುವುದು ಬೆಳಗಿನ ಅದೇ ಎರಡು ಗಂಟೆಗಳಲ್ಲಿ.

ಏಕೆಂದು ಸ್ವಲ್ಪ ವಿವರಿಸುತ್ತೇನೆ. ಇದು ತಿಳಿದರೆ ಉಳಿದ ಯೋಜನೆಯನ್ನು ನೀವೇ ಹಾಕಿಕೊಳ್ಳಬಲ್ಲಿರಿ. ರಾತ್ರಿಯಿಡೀ ಬೆಟ್ಟದ ಮೈ ತಣ್ಣಗಾಗಿ, ಭಾರವಾದ ತಂಪುಗಾಳಿ ಇಳಿಜಾರಿನಗುಂಟ ಕೆಳಗೆ ಹರಿದು ಕಣಿವೆ ಸೇರುತ್ತದೆ. ನಸುಕಿನ ಹೊತ್ತಿಗೆ ಆ ಹರಿವೂ ನಿಂತು ಗಾಳಿ ಸ್ತಬ್ಧವಾಗುತ್ತದೆ. ಆಗ ದೇವರಿಯಾ ತಾಲ್‌ನ ನೀರಿನ ಮೇಲೆ ಒಂದು ಸುಕ್ಕೂ ಇರುವುದಿಲ್ಲ. 7,138 ಮೀಟರಿನ ಚೌಖಂಬಾ ತನ್ನ ನಾಲ್ಕೂ ಕೊಡುಮುಡಿಗಳೊಂದಿಗೆ ತಲೆಕೆಳಗಾಗಿ ಅದರಲ್ಲಿ ನಿಲ್ಲುತ್ತದೆ. ಬಿಸಿಲು ಇಳಿಜಾರಿಗೆ ಬಿದ್ದ ಮೇಲೆ ಗಾಳಿಯ ದಿಕ್ಕು ತಿರುಗುತ್ತದೆ. ಕಾದ ಗಾಳಿ ಕಣಿವೆಯಿಂದ ಮೇಲಕ್ಕೇರತೊಡಗಿ, ಮೊದಲು ಸರೋವರದ ನೀರನ್ನು ಕದಡುತ್ತದೆ. ಅದೇ ಗಾಳಿ ಇನ್ನೂ ಮೇಲೆ ಹೋಗಿ ತಣಿದು ಮೋಡವಾಗಿ ಶಿಖರಗಳನ್ನು ಮುಚ್ಚುತ್ತದೆ. ಮೇ ತಿಂಗಳಲ್ಲಿ ಹತ್ತು ಗಂಟೆ ಕಳೆಯುವಷ್ಟರಲ್ಲಿ ಚಂದ್ರಶಿಲಾದ ಸುತ್ತ ಬೆಳ್ಳಗೆ ಮೋಡ ಎದ್ದಿರುತ್ತದೆ, ಮಧ್ಯಾಹ್ನಕ್ಕೆ ಗುಡುಗು, ಕೆಲವು ದಿನ ಆಲಿಕಲ್ಲು. ಅಂದರೆ ಬೆಳಿಗ್ಗೆ ಶಿಖರ ಮುಗಿಸಿ ಮಧ್ಯಾಹ್ನ ಸರೋವರಕ್ಕೆ ಬಂದರೆ ನಿಮಗೆ ಸಿಗುವುದು ಮರಗಳ ನಡುವಿನ ಒಂದು ಚಿಕ್ಕ ಕೆರೆ. ಸರೋವರ ಮುಗಿಸಿ ಶಿಖರಕ್ಕೆ ಹೋದರೆ ಮೋಡದೊಳಗೆ ನಿಂತಿರುತ್ತೀರಿ, ಸಿಡಿಲಿನ ಭಯವೂ ಜೊತೆಗೆ.

ಆದ್ದರಿಂದ ಎರಡು ಬೆಳಗು ಬೇಕು. ಸಂತೋಷದ ಸಂಗತಿಯೆಂದರೆ, ನಿಮಗೆ ಎರಡು ಬೆಳಗುಗಳಿವೆ. ಕೇದಾರದಿಂದ ಬದರಿಗೆ ಹೋಗುವ ಒಂದು ರಸ್ತೆ ಕುಂಡ್‌ನಲ್ಲಿ ತಿರುಗಿ ಉಖೀಮಠ, ಚೋಪ್ತಾ, ಮಂಡಲ್, ಗೋಪೇಶ್ವರ ದಾಟಿ ಚಮೋಲಿಗೆ ಸೇರುತ್ತದೆ. ಸಾರಿ ಗ್ರಾಮ ಈ ರಸ್ತೆಯಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಚೋಪ್ತಾ ಇರುವುದು ರಸ್ತೆಯ ಮೇಲೆಯೇ. ಉಖೀಮಠದಲ್ಲಿ ಕೋಣೆ ಹಿಡಿದು ಹೋಗಿ ಬರುವ ಯೋಜನೆಯನ್ನು ಬಿಟ್ಟುಬಿಡಿ. ಕೇದಾರದಿಂದ ಇಳಿದ ದಿನ ಸಂಜೆ ಸಾರಿಯಲ್ಲಿ ಮಲಗಿ. ಬಿಡುವಿನ ದಿನ ನಸುಕಿನಲ್ಲಿ ಸರೋವರ ನೋಡಿ, ಇಳಿದು, ಮಧ್ಯಾಹ್ನದೊಳಗೆ ಚೋಪ್ತಾ ತಲುಪಿ ಅಲ್ಲಿ ವಿಶ್ರಾಂತಿ ಪಡೆಯಿರಿ. ಮರುದಿನ ನಸುಕಿನಲ್ಲಿ ಚಂದ್ರಶಿಲಾ. ಹನ್ನೊಂದರೊಳಗೆ ಇಳಿದು ಬದರಿಯ ದಾರಿ ಹಿಡಿಯಿರಿ. ಆ ರಾತ್ರಿ ಪೀಪಲ್‌ಕೋಟಿಯಲ್ಲೋ ಜೋಶಿಮಠದಲ್ಲೋ ಉಳಿದರೆ ಯಾತ್ರೆಯ ದಿನ ಒಂದೂ ಹೆಚ್ಚಾಗುವುದಿಲ್ಲ.

ಉಖೀಮಠವನ್ನು ಹಾಗೆಯೇ ದಾಟಿ ಹೋಗಬೇಡಿ ಎಂದೂ ಹೇಳುತ್ತೇನೆ, ಒಂದು ಗಂಟೆಯಾದರೂ ಇಳಿಯಿರಿ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿ ಬಂದು ನೆಲೆಸುವುದು ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಇದೇ ಊರಿನದು. ಕೇದಾರ ದೇವಾಲಯದ ಮುಖ್ಯಸ್ಥರಾದ ರಾವಲರು ವೀರಶೈವ ಪರಂಪರೆಯವರು, ಅಲ್ಲಿ ಪೂಜೆ ನಡೆಸುವ ಅರ್ಚಕರೂ ದಕ್ಷಿಣದ ಜಂಗಮ ಮನೆತನಗಳಿಂದ ಬಂದವರು. ಅಷ್ಟು ದೂರದ ಹಿಮಾಲಯದ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಿಮ್ಮ ತಾಯಿಗೆ ಎಷ್ಟು ಹಿತವಾಗುತ್ತದೆ ಎಂದು ನಾನು ಊಹಿಸಬಲ್ಲೆ. ನಗದು ಹಣವನ್ನೂ ಇಲ್ಲಿಯೇ ತೆಗೆದುಕೊಳ್ಳಿ. ಮುಂದೆ ಸಾರಿ, ಚೋಪ್ತಾಗಳಲ್ಲಿ ಮೊಬೈಲ್ ಸಂಕೇತವನ್ನು ನೆಚ್ಚುವಂತಿಲ್ಲ, ಹಾಗಾಗಿ ಮೊಬೈಲ್ ಪಾವತಿಯನ್ನೂ ನೆಚ್ಚುವಂತಿಲ್ಲ.

ಈಗ ಸರೋವರ. ಸಾರಿ ಸುಮಾರು 2,000 ಮೀಟರ್ ಎತ್ತರದಲ್ಲಿ ಮೆಟ್ಟಿಲು ಹೊಲಗಳ ನಡುವಿನ ಊರು. ಅಲ್ಲಿನ ಮನೆಗಳಲ್ಲೇ ಉಳಿಯಲು ಕೋಣೆ, ರಾತ್ರಿಗೆ ರಾಜ್ಮಾ, ಅನ್ನ, ಕೇಳಿದರೆ ರಾಗಿ ರೊಟ್ಟಿ ಸಿಗುತ್ತದೆ. ಅವರು ರಾಗಿಗೆ ಮಂಡುವಾ ಎನ್ನುತ್ತಾರೆ. ಬೆಳಿಗ್ಗೆ ನಾಲ್ಕೂಕಾಲಿಗೆ ಹೊರಟರೆ ಸಾಕು. ಊರಿನಿಂದಲೇ ಕಲ್ಲು ಹಾಸಿದ ದಾರಿ ಏರುತ್ತದೆ, ದಾರಿ ತಪ್ಪುವ ಪ್ರಶ್ನೆಯಿಲ್ಲ, ಟಾರ್ಚ್ ಮಾತ್ರ ಕಡ್ಡಾಯ. ಮೊದಲ ಅರ್ಧ ಬಯಲು ಇಳಿಜಾರು, ಆಮೇಲೆ ಓಕ್ ಮತ್ತು ಬುರಾಂಶ್ ಮರಗಳ ಕಾಡು. ಬುರಾಂಶ್ ಎಂದರೆ ಕೆಂಪು ಹೂವಿನ ರೋಡೋಡೆಂಡ್ರಾನ್. ಇದರ ಹತ್ತಿರದ ನಂಟಿನ ಮರ ನಮ್ಮ ನೀಲಗಿರಿಯ ಶೋಲಾ ಕಾಡಿನಲ್ಲೂ ಇದೆ. ಸಾರಿಯ ಎತ್ತರದಲ್ಲಿ ಅದು ಅರಳುವುದು ಮಾರ್ಚ್, ಏಪ್ರಿಲ್‌ನಲ್ಲಿ. ಮೇ ಕೊನೆಗೆ ಹೂವು ಮುಗಿದಿರುತ್ತದೆ, ಅಂಗಡಿಗಳಲ್ಲಿ ಅದರ ಶರಬತ್ತು ಸಿಗುತ್ತದೆ.

ಸರೋವರ ಇರುವುದು ಸುಮಾರು 2,400 ಮೀಟರಿನಲ್ಲಿ. ಅದು ದೊಡ್ಡದಲ್ಲ, ನಿಧಾನವಾಗಿ ನಡೆದರೂ ಅರ್ಧ ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ. ಮಳೆಗಾಲಕ್ಕೆ ಮುಂಚೆ ನೀರು ಇನ್ನಷ್ಟು ಇಳಿದು ದಡದಲ್ಲಿ ಕೆಸರು ಕಾಣುತ್ತದೆ. ವಿಶಾಲವಾದ ನೀಲಿ ಸರೋವರದ ಕನಸು ಕಟ್ಟಿಕೊಂಡು ಬಂದವರು ನಿರಾಶರಾಗುವುದನ್ನು ನೋಡಿದ್ದೇನೆ. ಇಲ್ಲಿ ನೋಡಬೇಕಾದದ್ದು ನೀರನ್ನಲ್ಲ, ನೀರಿನಲ್ಲಿರುವುದನ್ನು. ದಕ್ಷಿಣದ ದಡಕ್ಕೆ ಹೋಗಿ ಉತ್ತರಕ್ಕೆ ಮುಖಮಾಡಿ ಕುಳಿತುಕೊಳ್ಳಿ. ನಿಮ್ಮ ಸುತ್ತ ಇನ್ನೂ ಮಬ್ಬುಗತ್ತಲೆ ಇರುವಾಗಲೇ ಚೌಖಂಬಾದ ತುದಿಗೆ ಬಿಸಿಲು ತಾಗುತ್ತದೆ. ಮೊದಲು ತುದಿಯಲ್ಲೊಂದು ಕೆಂಗೆರೆ, ನೋಡನೋಡುತ್ತ ಅದು ಹಳದಿಯಾಗಿ ಹಿಮದ ಗೋಡೆಯ ಮೇಲಿಂದ ಕೆಳಗಿಳಿಯುತ್ತದೆ, ನೀರಿನಲ್ಲಿ ಅದೇ ಬೆಳಕು ಮೇಲಕ್ಕೇರುತ್ತದೆ. ಕ್ಯಾಮೆರಾ ಎತ್ತಲು ಅವಸರ ಬೇಡ, ಈ ಆಟ ಅರ್ಧ ಗಂಟೆ ನಡೆಯುತ್ತದೆ. ಮೊದಲ ಗಾಳಿ ಬಂದಾಗ ಬಿಂಬದ ಕೆಳಗಿನ ತುದಿ ನಡುಗಿ ಒಡೆಯುವುದನ್ನೂ ನಿಮ್ಮ ಮಗಳಿಗೆ ತೋರಿಸಿ.

ಪಾಂಡವರಿಗೆ ಯಕ್ಷನು ಪ್ರಶ್ನೆ ಕೇಳಿದ್ದು ಇದೇ ದಡದಲ್ಲಿ ಎಂದು ಸಾರಿಯ ಜನ ನಂಬುತ್ತಾರೆ. ದೇವತೆಗಳು ಮೀಯಲು ಬರುವ ಸರೋವರ ಎಂಬ ಮಾತೂ ಇದೆ. ನೀರಿಗಿಳಿಯಬೇಡಿ, ಕೈಕಾಲು ತೊಳೆಯಬೇಡಿ. ದಡದಲ್ಲಿ ಡೇರೆ ಹಾಕಲು ಈಗ ಬಿಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಕಟ್ಟಿದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ನಿಮ್ಮ ತಾಯಿ ಈ ಸರೋವರದ ದಾರಿಯನ್ನು ನಡೆಯಬಲ್ಲರೇ? ಕೇದಾರವನ್ನು ನಡೆದು ಹತ್ತಿದ್ದರೆ ಖಂಡಿತ ಬಲ್ಲರು. ಅವರಿಗೆ ಎರಡು ಗಂಟೆ ಬೇಕಾಗಬಹುದು, ಅಷ್ಟೇ. ಅವರನ್ನು ಮತ್ತು ನಿಮ್ಮಲ್ಲೊಬ್ಬರನ್ನು ಅರ್ಧ ಗಂಟೆ ಮೊದಲೇ ಹೊರಡಿಸಿ. ಮೊಣಕಾಲಿಗೆ ಕಷ್ಟವಾಗುವುದು ಹತ್ತುವಾಗಲ್ಲ, ಇಳಿಯುವಾಗ. ಕಲ್ಲುಹಾಸಿನ ಮೇಲೆ ಪ್ರತಿ ಹೆಜ್ಜೆಯ ಭಾರವೂ ನೇರ ಮಂಡಿಗೆ ಬೀಳುತ್ತದೆ. ಎರಡು ಊರುಗೋಲು ಬಾಡಿಗೆಗೆ ತೆಗೆದುಕೊಳ್ಳಿ. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಮಡಿದೇ ಇರಲಿ.

ಚೋಪ್ತಾಕ್ಕೆ ಮಧ್ಯಾಹ್ನವೇ ತಲುಪಿ ಎಂದು ನಾನು ಒತ್ತಿ ಹೇಳುವುದಕ್ಕೆ ಎರಡು ಕಾರಣಗಳಿವೆ. ಯಾತ್ರೆಯ ಕಾಲದಲ್ಲಿ ಈ ಬೆಟ್ಟದ ರಸ್ತೆಗಳಲ್ಲಿ ರಾತ್ರಿ ವಾಹನ ಓಡಿಸಲು ನಿರ್ಬಂಧವಿರುತ್ತದೆ. ಉಖೀಮಠದಿಂದ ನಡುರಾತ್ರಿ ಹೊರಟು ಸೂರ್ಯೋದಯಕ್ಕೆ ಶಿಖರ ಸೇರುವ ಲೆಕ್ಕ ನಡೆಯದು. ಇನ್ನೊಂದು, ನಿಮ್ಮ ದೇಹ. ಚೋಪ್ತಾ ಸುಮಾರು 2,700 ಮೀಟರಿನಲ್ಲಿದೆ. ನೀವು ಹತ್ತಿದ ಮುಳ್ಳಯ್ಯನಗಿರಿ 1,930 ಮೀಟರ್, ಕುಮಾರ ಪರ್ವತ 1,712. ಅಂದರೆ ಇಲ್ಲಿ ಕಾರಿನಿಂದ ಇಳಿಯುವ ಜಾಗವೇ ಕರ್ನಾಟಕದ ಅತಿ ಎತ್ತರದ ತುದಿಗಿಂತ ಏಳೆಂಟು ನೂರು ಮೀಟರ್ ಮೇಲಿದೆ. ತುಂಗನಾಥದ ಎತ್ತರ 3,680 ಎಂದೂ ಚಂದ್ರಶಿಲಾ 4,000 ಎಂದೂ ಬರೆದಿರುವುದನ್ನು ನೋಡುತ್ತೀರಿ. ಆದರೆ ನಿಮ್ಮ ಕೈಗಡಿಯಾರದ ಜಿಪಿಎಸ್ ಶಿಖರದಲ್ಲಿ 3,700ರ ಆಸುಪಾಸು ತೋರಿಸಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ, ಬರೆದಿರುವ ಅಂಕಿಗಳೇ ಹೆಚ್ಚಿನವು. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಭಾಗ. ದಮ್ಮು ಚೆನ್ನಾಗಿರುವವರಿಗೂ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕೆನಿಸುವುದು ಸಹಜ.

ಇಲ್ಲಿ ಕೇದಾರಕ್ಕೆ ನೀವು ಹೇಗೆ ಹೋಗುತ್ತೀರಿ ಎಂಬುದು ಮುಖ್ಯ. ಗೌರೀಕುಂಡದಿಂದ ನಡೆದು ಹತ್ತಿ, 3,583 ಮೀಟರಿನ ಕೇದಾರದಲ್ಲಿ ಒಂದು ರಾತ್ರಿ ಮಲಗಿ ಬಂದವರ ದೇಹ ಎತ್ತರಕ್ಕೆ ಸ್ವಲ್ಪ ಮಟ್ಟಿಗೆ ಒಗ್ಗಿರುತ್ತದೆ. ಹೆಲಿಕಾಪ್ಟರಿನಲ್ಲಿ ಹೋಗಿ ಎರಡು ಗಂಟೆಯಲ್ಲಿ ಮರಳಿದವರಿಗೆ ಆ ಲಾಭವಿಲ್ಲ, ಅವರು ಚೋಪ್ತಾದಲ್ಲಿ ಮಲಗಿ ಏಳುವುದು ಇನ್ನೂ ಮುಖ್ಯ. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ನಡೆಯುವಾಗ ತೂರಾಡುವುದು, ಇವುಗಳಲ್ಲಿ ತಲೆನೋವಿನ ಜೊತೆ ಇನ್ನೊಂದು ಕಂಡರೂ, ತೂರಾಟವೊಂದೇ ಕಂಡರೂ ಮೇಲೆ ಹೋಗುವುದನ್ನು ನಿಲ್ಲಿಸಿ, ಕೆಳಗಿಳಿಯಿರಿ. ಇಳಿಯುವುದೇ ಮದ್ದು, ಕರ್ಪೂರ ಮೂಸುತ್ತಾ ಹತ್ತುವುದು ಮದ್ದಲ್ಲ. ನಿಮ್ಮ ತಾಯಿ ಹೊರಡುವ ಮುಂಚೆಯೇ ತಮ್ಮ ವೈದ್ಯರನ್ನು ಕಾಣಲಿ. ಕೆಲವು ರಕ್ತದೊತ್ತಡದ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ, ಒಣ ಗಾಳಿಯ ಎತ್ತರದಲ್ಲಿ ಅದರ ಪರಿಣಾಮವನ್ನು ವೈದ್ಯರೇ ತೂಗಿ ನೋಡಬೇಕು. ಎತ್ತರದ ಕಾಯಿಲೆಗೆಂದು ಬೇರೆಯವರು ಕೊಟ್ಟ ಡೈಮಾಕ್ಸ್ ಮಾತ್ರೆಯನ್ನು ಯಾರೂ ನುಂಗಬೇಡಿ.

ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಐದೂಕಾಲರ ಸುಮಾರಿಗೆ ಹುಟ್ಟುತ್ತಾನೆ. ಶಿಖರದಲ್ಲಿಯೇ ಸೂರ್ಯೋದಯ ನೋಡಬೇಕೆಂದರೆ ರಾತ್ರಿ ಒಂದೂವರೆಗೆ ಹೊರಡಬೇಕು. ಅದು ನಿಮಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇದು ಕೇದಾರನಾಥ ವನ್ಯಜೀವಿ ಧಾಮದ ಸೀಮೆ, ಕರಡಿ, ಚಿರತೆ ಓಡಾಡುವ ಕಾಡು. ನಿದ್ದೆಗೆಟ್ಟ ಮಗುವನ್ನು ಕತ್ತಲಲ್ಲಿ ಎಳೆದೊಯ್ದು ಪಡೆಯುವ ಸೂರ್ಯೋದಯಕ್ಕಿಂತ, ಮೂರೂವರೆಗೆ ಹೊರಟು ದಾರಿಯಲ್ಲೇ ಬೆಳಕು ಹರಿಯುವುದನ್ನು ನೋಡುತ್ತಾ ಏಳೂವರೆಗೆ ಶಿಖರ ತಲುಪುವುದು ಎಷ್ಟೋ ಮೇಲು. ನೋಟ ಆಗಲೂ ತೆರೆದಿರುತ್ತದೆ.

ತುಂಗನಾಥದವರೆಗೆ ಹಾಸಿದ ದಾರಿ, ಅಂಕುಡೊಂಕಾಗಿ ಏರುತ್ತದೆ. ಅರ್ಧದಾರಿಯ ನಂತರ ಮರಗಳು ಗಿಡ್ಡವಾಗಿ, ಪೊದೆಗಳಾಗಿ, ಆಮೇಲೆ ಬರಿಯ ಹುಲ್ಲು. ಆ ಪೊದೆಗಳೂ ರೋಡೋಡೆಂಡ್ರಾನ್ ಜಾತಿಯವೇ, ತೆಳು ನೇರಳೆ ಹೂವಿನವು; ಕೆಳಗೆ ಕೆಂಪು ಹೂ ತಪ್ಪಿಸಿಕೊಂಡ ನಿಮಗೆ ಇವು ಮೇ ತಿಂಗಳಲ್ಲಿ ಸಿಗಬಹುದು. ನಸುಕಿನಲ್ಲಿ ಹುಲ್ಲಿನ ಅಂಚಿಗೆ ಕಣ್ಣಿಡಿ, ನವಿಲಿನ ಬಣ್ಣಗಳನ್ನು ಮೈಗೆ ಮೆತ್ತಿಕೊಂಡ ಮೊನಾಲ್ ಹಕ್ಕಿ ಮೇಯಲು ಬಂದಿರುತ್ತದೆ.

ಹತ್ತುವಾಗ ದೇವಾಲಯದ ಬಳಿ ನಿಲ್ಲಬೇಡಿ ಎಂದರೆ ಭಕ್ತರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ಶಿಖರ ಮೊದಲು, ದರ್ಶನ ಇಳಿಯುವಾಗ. ಮೋಡ ಕಾಯುವುದಿಲ್ಲ, ತುಂಗನಾಥ ಕಾಯುತ್ತಾನೆ. ಎಷ್ಟೋ ಜನ ದರ್ಶನ, ಚಹಾ, ಮ್ಯಾಗಿ ಮುಗಿಸಿ, ಇಲ್ಲಿಂದಲೇ ಹಿಮ ಕಾಣುತ್ತದಲ್ಲ ಎಂದು ಹಿಂದಿರುಗುತ್ತಾರೆ. ದೇವಾಲಯದಿಂದ ಕಾಣುವುದು ಒಂದು ಭಾಗ ಮಾತ್ರ, ಉಳಿದದ್ದನ್ನು ಮೇಲಿನ ದಿಣ್ಣೆಯೇ ಮರೆಮಾಡಿರುತ್ತದೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು, ಕಲ್ಲಿನ ಕಡಿದಾದ ದಾರಿ. ಅದನ್ನು ಹತ್ತಿ ಗಂಗೆಯ ಪುಟ್ಟ ಗುಡಿಯ ಬಳಿ ನಿಂತರೆ ಮರೆ ಎನ್ನುವುದೇ ಇಲ್ಲ. ಉತ್ತರಕ್ಕೆ ಕೇದಾರ ಶಿಖರ ಮತ್ತು ಚೌಖಂಬಾ, ಪೂರ್ವಕ್ಕೆ ದ್ರೋಣಗಿರಿ, 7,816 ಮೀಟರಿನ ನಂದಾದೇವಿ, ಅದರ ಬಲಕ್ಕೆ ತ್ರಿಶೂಲ. ಹಿಂದಿನ ದಿನ ನೀರಿನಲ್ಲಿ ತಲೆಕೆಳಗಾಗಿ ನೋಡಿದ ಪರ್ವತವನ್ನು ಮಗಳೇ ಗುರುತಿಸಲಿ. ರಾವಣನನ್ನು ಕೊಂದ ಮೇಲೆ ರಾಮನು ತಪಸ್ಸಿಗೆ ಕುಳಿತದ್ದು ಇಲ್ಲಿ ಎಂಬ ನಂಬಿಕೆಯಿದೆ.

ತಾಯಿಗೆ ಚೋಪ್ತಾದಿಂದ ತುಂಗನಾಥದವರೆಗೆ ಕುದುರೆ ಸಿಗುತ್ತದೆ, ಅದರಿಂದ ಮೇಲಕ್ಕೆ ಇಲ್ಲ. ಅವರು ಹೆಂಡತಿಯವರ ಜೊತೆ ಬೆಳಕಾದ ಮೇಲೆ, ಆರರ ನಂತರ ಹೊರಟು ದೇವಾಲಯಕ್ಕೆ ಬರಲಿ. ನೀವು ಮತ್ತು ಮಗಳು ಶಿಖರದಿಂದ ಇಳಿದು ಅಲ್ಲಿ ಸೇರಿಕೊಳ್ಳಿ. ಇಳಿಯಲು ಮಾತ್ರ ಕುದುರೆ ಬೇಡ, ಕಡಿದಾದ ಹಾಸಿನ ಮೇಲೆ ಮುಂದಕ್ಕೆ ಜಾರುತ್ತಾ ಕೂರುವುದು ನಡೆಯುವುದಕ್ಕಿಂತ ಕಷ್ಟ. ಶಿವನ ಐದು ಕ್ಷೇತ್ರಗಳಾದ ಪಂಚಕೇದಾರಗಳಲ್ಲಿ ಮೂರನೆಯದಾದ ತುಂಗನಾಥದಲ್ಲಿ ಶಿವನ ತೋಳಿಗೆ ಪೂಜೆ. ಇಲ್ಲಿ ಅರ್ಚಕರು ಸ್ಥಳೀಯರೇ, ಕೆಳಗಿನ ಮಕ್ಕು ಗ್ರಾಮದವರು. ಅಂಗಳದ ಕಲ್ಲು ಬರಿಗಾಲಿಗೆ ಮಂಜುಗಡ್ಡೆಯಂತೆ ಕೊರೆಯುತ್ತದೆ, ಉಣ್ಣೆಯ ಕಾಲುಚೀಲ ಒಂದು ಜೊತೆ ಹೆಚ್ಚಿಗೆ ಇರಲಿ.

ಬೇಸಿಗೆ ಎಂಬ ಮಾತಿಗೆ ಮೋಸಹೋಗಬೇಡಿ. ನಸುಕಿನಲ್ಲಿ ಶಿಖರದ ಗಾಳಿ ಸೊನ್ನೆಯ ಹತ್ತಿರದ ಚಳಿ ತರುತ್ತದೆ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಬಟ್ಟೆ, ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು. ಬೂಟು ಹೊಸದು ಬೇಡ, ಊರಿನಲ್ಲೇ ಕೆಲವು ವಾರ ಹಾಕಿ ನಡೆದದ್ದಿರಲಿ. ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು. ಚೋಪ್ತಾದಲ್ಲಿ ಸೌರ ವಿದ್ಯುತ್ತೇ ಆಧಾರವಾದ್ದರಿಂದ ಮೊಬೈಲನ್ನು ಸಾರಿಯಲ್ಲೇ ತುಂಬಿಸಿಕೊಳ್ಳಿ. ತಿನ್ನಲು ಖರ್ಜೂರ, ಶೇಂಗಾ ಚಿಕ್ಕಿ ಸಾಕು. ದಾವಣಗೆರೆಯವರಿಗೆ ಮಂಡಕ್ಕಿ ಒಯ್ಯಿರಿ ಎಂದು ನಾನು ಹೇಳಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನದು ಕೈಮುಗಿದ ಕೋರಿಕೆ. ತುಂಗನಾಥದ ದಾರಿಯ ಪ್ರತಿ ತಿರುವಿನಲ್ಲೂ ಹುಲ್ಲಿನ ಮೇಲೆ ನೇರವಾಗಿ ಇಳಿದ ಅಡ್ಡದಾರಿಗಳನ್ನು ಕಾಣುತ್ತೀರಿ. ಬಗ್ಗಿ ನೋಡಿ: ಹುಲ್ಲಿನ ಹೊದಿಕೆ ಬೆರಳುದ್ದವೂ ಇಲ್ಲ, ಅದರ ಕೆಳಗೆ ಸಡಿಲ ಕಪ್ಪು ಮಣ್ಣು. ಒಬ್ಬರು ತುಳಿದಲ್ಲಿ ನೂರು ಜನ ತುಳಿದು ಹುಲ್ಲು ಹರಿದ ಮೇಲೆ, ಮಳೆಗಾಲದ ನೀರು ಅದೇ ಗೀರಿನಲ್ಲಿ ಹರಿದು ಅದನ್ನು ಕೊರಕಲು ಮಾಡುತ್ತದೆ. ವರ್ಷದಲ್ಲಿ ಆರು ತಿಂಗಳು ಹಿಮದಡಿ ಮಲಗುವ ಈ ಬುಗ್ಯಾಲ್ (ಎತ್ತರದ ಹುಲ್ಲುಗಾವಲು) ಹುಲ್ಲಿಗೆ ಚಿಗುರಲು ಸಿಗುವುದು ಕೆಲವೇ ತಿಂಗಳು, ಗಾಯ ಬೇಗ ಮಾಯುವುದಿಲ್ಲ. ಗಢವಾಲ್ ವಿಶ್ವವಿದ್ಯಾಲಯದವರು ಎತ್ತರದ ಸಸ್ಯಗಳ ಅಧ್ಯಯನಕ್ಕೆ ತುಂಗನಾಥದಲ್ಲೇ ಕೇಂದ್ರವೊಂದನ್ನು ನಡೆಸುತ್ತಿರುವುದು ಈ ಗಿಡಗಳು ಅಷ್ಟು ಅಪರೂಪದವು ಎಂಬುದರಿಂದ. ಐದು ನಿಮಿಷ ಉಳಿಸಲು ಆ ಅಡ್ಡದಾರಿ ಹಿಡಿಯಬೇಡಿ, ಮಗಳಿಗೂ ಹೇಳಿ.

ಇನ್ನು ಮೇ ತಿಂಗಳ ಮಬ್ಬು. ಕೆಳಗಿನ ಚೀಡ್ (ಪೈನ್) ಕಾಡುಗಳಲ್ಲಿ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ, ಆ ಹೊಗೆಗೆ ಬಯಲುಸೀಮೆಯ ಧೂಳು ಸೇರಿ ಕೆಲವು ದಿನ ಬೆಳಗಿನಲ್ಲೂ ಶಿಖರಗಳು ಮಾಸಿದಂತೆ ಕಾಣುತ್ತವೆ. ಅಚ್ಚ ನೀಲಿ ಆಕಾಶ ಬೇಕಾದವರು ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತಾರೆ. ಆದರೆ ಸಂಜೆ ಜೋರು ಮಳೆಯೋ ಆಲಿಕಲ್ಲೋ ಬಿದ್ದರೆ ಮರುದಿನದ ಬೆಳಗು ತೊಳೆದಿಟ್ಟಂತಿರುತ್ತದೆ. ಚೋಪ್ತಾದಲ್ಲಿ ರಾತ್ರಿ ಮಳೆ ಬಂದರೆ ಯೋಜನೆ ಕೆಟ್ಟಿತೆಂದು ಅಲಾರಂ ಆರಿಸಬೇಡಿ, ಮೂರು ಗಂಟೆಗೆ ಹೊರಗೆ ಬಂದು ನಕ್ಷತ್ರ ಕಾಣುತ್ತವೆಯೇ ನೋಡಿ. ಮಳೆ ಸುರಿಯುತ್ತಲೇ ಇದ್ದರೆ ಅಥವಾ ಗುಡುಗು ಕೇಳಿಸುತ್ತಿದ್ದರೆ ಶಿಖರ ಬಿಟ್ಟುಬಿಡಿ, ಆ ಬೋಳು ದಿಣ್ಣೆಯ ಮೇಲೆ ಸಿಡಿಲಿಗೆ ಅಡಗುವ ಜಾಗವಿಲ್ಲ.

ಒಂದು ವೇಳೆ ಭೂಕುಸಿತದಿಂದ ರಸ್ತೆ ಕಟ್ಟಿ ನಿಮ್ಮ ಬಿಡುವಿನ ದಿನವೇ ಕರಗಿ, ಒಂದೇ ಬೆಳಗು ಉಳಿದರೆ? ನಾಲ್ವರೂ ಜೊತೆಗಿರಬೇಕು ಎನ್ನುವುದಾದರೆ ಸರೋವರವನ್ನು ಆರಿಸಿಕೊಳ್ಳಿ. ತಾಯಿ ಸಾರಿಯಲ್ಲಿ ಮನೆಯವರೊಂದಿಗೆ ಆರಾಮವಾಗಿರಲು ಒಪ್ಪಿದರೂ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಆ ದಾರಿಯನ್ನು ಅವರೂ ನಡೆಯಬಲ್ಲರು. ಎರಡು ಬೆಳಗು ಸಿಕ್ಕರೆ ಮೊದಲು ಸರೋವರ, ಆಮೇಲೆ ಶಿಖರ, ಈ ಕ್ರಮವನ್ನು ತಿರುಗಿಸಬೇಡಿ. ಕೇದಾರ ಇಳಿದ ಕಾಲಿಗೆ ಚಿಕ್ಕ ಏರಿನ ದಿನವೊಂದು ಮಧ್ಯೆ ಬೇಕು. ಚೋಪ್ತಾದಿಂದ ಮಂಡಲ್‌ವರೆಗಿನ ರಸ್ತೆ ಕಿರಿದು, ತಿರುವುಗಳು ಬಿಗಿ, ಕಾಡು ದಟ್ಟ. ಮಧ್ಯಾಹ್ನದ ಮಳೆಗೆ ಮುಂಚೆ ಅದನ್ನು ದಾಟಿಬಿಡಿ, ಊಟ ಗೋಪೇಶ್ವರದಲ್ಲಿ ಮಾಡಿದರಾಯಿತು.